ಕಪ್ಪಿನ ಅಳತೆ ಯಾರು ಹೇಳಬೇಕು?

ಚಿ. ಸುಹಾಸನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಸಕ್ಕರೆ ಪಾನೀಯಗಳಿಗೆ ಸರ್ಕಾರ ಕಡಿವಾಣ ಹಾಕಬಾರದು ಅಂತ ಚರ್ಚಾಸ್ಪರ್ಧೆಗೆ ನೀನು ಬರೆದ ಭಾಷಣ ಓದಿದೆ. "ನಾನು ಎಷ್ಟು ಕುಡಿಯಬೇಕು ಅಂತ ಹೇಳೋಕೆ ಸರ್ಕಾರ ಯಾರು?" ಅನ್ನುವ ಸಾಲಿಗೆ ಚಪ್ಪಾಳೆ ಖಂಡಿತ ಬೀಳುತ್ತದೆ. ಆದರೆ ಅದನ್ನೇ ನಂಬಿಕೊಂಡು ವೇದಿಕೆ ಹತ್ತಬೇಡ ಮಗಾ.

ನ್ಯೂಯಾರ್ಕಿನ ಉದಾಹರಣೆ ಕೊಟ್ಟಿದ್ದೀಯ, ಆದರೆ ಅರ್ಧ ಮಾತ್ರ. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ 2012ರಲ್ಲಿ ತಂದ ನಿಯಮ ಇಷ್ಟೇ: ಹೋಟೆಲು, ಸಿನಿಮಾ ಮಂದಿರ, ಕ್ರೀಡಾಂಗಣಗಳಲ್ಲಿ ಸಕ್ಕರೆ ಪಾನೀಯವನ್ನು 16 ಔನ್ಸ್‌ಗಿಂತ, ಅಂದರೆ ಸುಮಾರು 470 ಮಿಲಿಲೀಟರ್‌ಗಿಂತ ದೊಡ್ಡ ಕಪ್ಪಿನಲ್ಲಿ ಮಾರಬಾರದು. ಕುಡಿಯಬೇಡಿ ಅಂತ ಯಾರೂ ಹೇಳಿರಲಿಲ್ಲ. ಬೇಕಾದರೆ ಎರಡು ಕಪ್ ಕೊಳ್ಳಬಹುದಿತ್ತು. 2013ರ ಮಾರ್ಚ್‌ನಲ್ಲಿ, ಜಾರಿಗೆ ಬರುವ ಹಿಂದಿನ ದಿನವೇ, ನ್ಯಾಯಾಧೀಶರೊಬ್ಬರು ಅದನ್ನು ರದ್ದು ಮಾಡಿದರು. 2014ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಆ ರದ್ದತಿಯನ್ನೇ ಎತ್ತಿಹಿಡಿಯಿತು. ಯಾಕೆ ಗೊತ್ತಾ? ಈ ನಿಯಮಕ್ಕೆ ಒಪ್ಪಿಗೆ ಕೊಟ್ಟ ನಗರದ ಆರೋಗ್ಯ ಮಂಡಳಿ ತನ್ನ ಅಧಿಕಾರ ಮೀರಿದೆ, ಇಂಥ ನಿರ್ಧಾರ ಚುನಾಯಿತ ಸಭೆಯದ್ದು ಅಂತ. ನೀನು ಇದನ್ನು "ಸ್ವಾತಂತ್ರ್ಯದ ಗೆಲುವು" ಅಂತ ಬರೆದಿದ್ದೀಯ. ತೀರ್ಪು ಓದಿಕೊಂಡು ಬಂದವರು ಎದುರಿಗಿದ್ದರೆ ಅಲ್ಲೇ ಸಿಕ್ಕಿಬೀಳ್ತೀಯ.

ಇನ್ನು ನಿನ್ನ ಮುಖ್ಯ ಮಾತು, ಆಯ್ಕೆ. ಕಪ್ಪಿನ ಅಳತೆ ನೀನು ಆರಿಸಿದ್ದಾ? ಸಕ್ಕರೆ ನೀರಿಗೆ ತಗಲುವ ಖರ್ಚು ಕಡಿಮೆ. ಕಪ್ ದೊಡ್ಡದಾದರೆ ಮಾರುವವನಿಗೆ ಖರ್ಚು ಚೂರೇ ಏರುತ್ತದೆ, ಲಾಭ ಜಾಸ್ತಿ ಸಿಗುತ್ತದೆ. ಅದಕ್ಕೇ "ಇನ್ನು ಸ್ವಲ್ಪ ಕೊಟ್ಟರೆ ದೊಡ್ಡದೇ ಬರುತ್ತೆ" ಅನ್ನುವ ಆಸೆ ತೋರಿಸುವುದು. ಮುಂದೆ ಇಟ್ಟಿದ್ದನ್ನು ಮುಗಿಸಿಯೇ ಏಳುವುದು ನಮ್ಮೆಲ್ಲರ ಅಭ್ಯಾಸ. 355 ಮಿಲಿಲೀಟರ್ ಕೋಲಾದಲ್ಲೇ ಸುಮಾರು 39 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ಇಡೀ ದಿನಕ್ಕೆ 50 ಗ್ರಾಂ ಮೀರಬಾರದು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಅಷ್ಟು ಸಕ್ಕರೆ ಹೊಟ್ಟೆ ಸೇರಿದರೂ ಹಸಿವು ತಣಿಯುವುದಿಲ್ಲ, ಊಟ ಮಾಮೂಲಿನಷ್ಟೇ ನಡೆಯುತ್ತದೆ.

ಹಾಗಂತ ಕಪ್ಪಿನ ಕಾನೂನು ನನಗೆ ಒಪ್ಪಿಗೆಯೇನಲ್ಲ. ಅದರ ತುಂಬ ತೂತು. ಕಿರಾಣಿ ಅಂಗಡಿಗೆ ಅದು ಅನ್ವಯಿಸುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಾಲಿದ್ದರೆ, ಎಷ್ಟೇ ಸಕ್ಕರೆ ಸುರಿದಿದ್ದರೂ ವಿನಾಯಿತಿ.

ನನಗೆ ಹಿಡಿಸಿದ್ದು ಬ್ರಿಟನ್ನಿನ ದಾರಿ. ಅಲ್ಲಿ 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಿಂದ ತಯಾರಕರ ಮೇಲೆ ತೆರಿಗೆ ಹಾಕಿದರು. 100 ಮಿಲಿಲೀಟರ್‌ಗೆ 5 ಗ್ರಾಂ ಸಕ್ಕರೆ ಇದ್ದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಜಾಸ್ತಿ. ನಡುವಿನ ಎರಡು ವರ್ಷದಲ್ಲೇ ಎಷ್ಟೋ ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳಲು ತಾವಾಗಿಯೇ ಸಕ್ಕರೆ ಇಳಿಸಿದವು. ಕೊಳ್ಳುವವರಿಗೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ. ಮೆಕ್ಸಿಕೊ 2014ರಲ್ಲಿ ಹಾಕಿದ್ದು ಲೀಟರಿಗೆ ಒಂದು ಪೆಸೊ, ಸಕ್ಕರೆ ಎಷ್ಟೇ ಇರಲಿ ಅಷ್ಟೇ. ಅಂಥ ತೆರಿಗೆ ಹೆಚ್ಚು ನೋಯಿಸುವುದು ಬಡವರ ಜೇಬನ್ನು. ವಿರೋಧಿಸಲೇಬೇಕು ಅಂತಿದ್ದರೆ ಇದನ್ನು ಹಿಡಿದುಕೋ, ಸ್ವಾತಂತ್ರ್ಯಕ್ಕಿಂತ ಗಟ್ಟಿ ವಾದ.

ಇನ್ನೊಂದು. ಮಕ್ಕಳ ವಿಷಯ ನಿನ್ನ ಭಾಷಣದಲ್ಲಿ ಎಲ್ಲೂ ಇಲ್ಲ. ಎಂಟು ವರ್ಷದ ಮಗುವಿನ ಮುಂದೆ ಜಾಹೀರಾತು ಕುಣಿಸಿ, ಆಮೇಲೆ "ಅದರ ಆಯ್ಕೆ" ಅನ್ನಬಹುದಾ? ಈ ಪ್ರಶ್ನೆಗೆ ಉತ್ತರ ಸೇರಿಸಿ ಎರಡನೇ ಕರಡು ಕಳಿಸು. ಪರೀಕ್ಷೆ ಹತ್ತಿರ ಇದ್ದರೆ ಅದು ಮುಗಿದ ಮೇಲೆ ಬರೆ, ಅವಸರವಿಲ್ಲ.

ಇಂತಿ ನಿನ್ನ
ದೊಡ್ಡಮ್ಮ