ಬರೆದಿಡುವ ಅಭ್ಯಾಸ ಯಾರು ಕಲಿಸಬೇಕು?

ಮಾನ್ಯರೇ,

ಪಿಎಚ್‌ಡಿಗೆ ಸೇರಿದವರಿಗೆ ಸಂಶೋಧನಾ ನೀತಿಯ ಎರಡು ಕ್ರೆಡಿಟ್ ಕೋರ್ಸನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲಿ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಕಂಪ್ಯೂಟರ್ ಸೈನ್ಸ್‌ನವರಿಗೆ ಪ್ರಯೋಗದ ವಿವರ ಬರೆದಿಡುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಮೊದಲ ವರ್ಷ ನನ್ನ ಮಾಡೆಲ್ (ಡೇಟಾದಿಂದ ಕಲಿಯುವ ಪ್ರೋಗ್ರಾಂ) ಒಂದು ಚೆನ್ನಾಗಿ ಓಡಿತ್ತು. ಮೂರು ತಿಂಗಳಾದ ಮೇಲೆ ಗೈಡ್ 'ಇನ್ನೊಂದ್ಸಲ ತೋರಿಸಪ್ಪ' ಅಂದರು. ಅದೇ ಅಂಕಿ ಬರಲೇ ಇಲ್ಲ! ಯಾವ ರ‍್ಯಾಂಡಮ್ ಸೀಡ್ (ಕಂಪ್ಯೂಟರ್ ಮನಬಂದಂತೆ ಆರಿಸುವ ಸಂಖ್ಯೆಗಳ ಆರಂಭದ ಅಂಕಿ), ಸಾಫ್ಟ್‌ವೇರ್ ಲೈಬ್ರರಿಯ ಯಾವ ವರ್ಷನ್, ಒಂದೂ ಬರೆದಿಟ್ಟಿರಲಿಲ್ಲ. ಸಂಶೋಧನಾ ಪೇಪರ್ ಓದುವುದೂ ಅಷ್ಟೇ. ಸುಮ್ನೆ ಮೊದಲಿಂದ ಕೊನೆವರೆಗೆ ಉರು ಹೊಡೆಯುತ್ತಿದ್ದೆ. ಸಾರಾಂಶ, ಗ್ರಾಫ್ ನೋಡಿ, ಬೇಕಾದರೆ ಮಾತ್ರ ಒಳಗಿಳಿಯಬೇಕು ಎಂದು ಹೇಳಿದ್ದು ಕ್ಯಾಂಟೀನಿನಲ್ಲಿ ಸಿಕ್ಕ ಸೀನಿಯರ್.

ಬೆಂಗಳೂರಿನ ವಿಶ್ವವಿದ್ಯಾಲಯಗಳು ಮೊದಲ ಸೆಮಿಸ್ಟರ್‌ನಲ್ಲೇ ಹಳೆಯ ಪೇಪರ್ ಒಂದರ ಫಲಿತಾಂಶವನ್ನು ವಿದ್ಯಾರ್ಥಿಯಿಂದ ಮತ್ತೆ ಮಾಡಿಸಲಿ.

– ಸಂಶೋಧನಾ ವಿದ್ಯಾರ್ಥಿ, ಮಲ್ಲೇಶ್ವರ, ಬೆಂಗಳೂರು