ಮೊದಲು ಅನುಮೋದನೆ, ಆಮೇಲೆ ಪ್ರಶ್ನಾವಳಿ

ಮಾನ್ಯರೇ,

ಪ್ರಾಜೆಕ್ಟ್ ವರದಿ ಸಲ್ಲಿಸುವ ಗಡುವು ಹತ್ತಿರವಾಗುತ್ತಿದ್ದಂತೆ ಜನರನ್ನು ಒಳಗೊಂಡ ಸಂಶೋಧನೆಗೆ ಅನುಮೋದನೆ ಕೊಡುವ ಕಾಲೇಜಿನ ನೈತಿಕ ಸಮಿತಿಗೆ ಒಂದೇ ಧಾಟಿಯ ಅರ್ಜಿಗಳು ಬರತೊಡಗುತ್ತವೆ. ಮಾಹಿತಿ ಸಂಗ್ರಹ ಮುಗಿದಿದೆ, ಸಂಶೋಧನಾ ಪತ್ರಿಕೆಯವರು ಅನುಮೋದನೆಯ ಸಂಖ್ಯೆ ಕೇಳುತ್ತಿದ್ದಾರೆ, ಹೇಗಾದರೂ ಮಾಡಿಕೊಡಿ ಎಂಬುದು ಅವುಗಳ ಸಾರ. ಹೀಗೆ ಕೇಳುವುದು ತಪ್ಪು, ಕೊಡುವುದು ಇನ್ನೂ ದೊಡ್ಡ ತಪ್ಪು. ಜನರ ಬಳಿಗೆ ಹೋಗುವ ಮುನ್ನ ಯೋಜನೆಯನ್ನು ತಿದ್ದಲೆಂದೇ ಸಮಿತಿ ಇರುವುದು. ಉತ್ತರಗಳೆಲ್ಲ ಕೈಸೇರಿದ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. ಹಿಂದಿನ ದಿನಾಂಕ ಹಾಕಿ ಕೊಟ್ಟ ಪತ್ರ ಸುಳ್ಳು ದಾಖಲೆಯಾಗುತ್ತದೆ.

‘ಬರೀ ಪ್ರಶ್ನಾವಳಿ, ಸೂಜಿ ಚುಚ್ಚುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಇದಕ್ಕೆಂಥ ಅನುಮತಿ?’ ಎಂಬ ಮಾತು ಅಧ್ಯಾಪಕರ ಬಾಯಲ್ಲೂ ಕೇಳಿಬರುತ್ತದೆ. ಖಿನ್ನತೆಯ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೇ ನೋಡಿ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಗರಿಷ್ಠ 27. ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತಾದದ್ದು. ಅದಕ್ಕೆ ಯಾರೋ ‘ಹೆಚ್ಚು ಕಡಿಮೆ ದಿನವೂ’ ಎಂದು ಗುರುತು ಹಾಕುತ್ತಾರೆ. ಆ ಉತ್ತರವನ್ನು ಯಾರು, ಎಷ್ಟು ಗಂಟೆಯೊಳಗೆ ನೋಡುತ್ತಾರೆ? ಹೆಸರನ್ನೇ ಕೇಳದ ಗೂಗಲ್ ಫಾರ್ಮ್ ಆಗಿದ್ದರೆ ಅವರನ್ನು ಹುಡುಕುವ ದಾರಿಯೇ ಇಲ್ಲ. ಎರಡು ತಿಂಗಳ ಬಳಿಕ ಸರಾಸರಿ ಲೆಕ್ಕ ಹಾಕುವಾಗ ಅದು ಕಣ್ಣಿಗೆ ಬಿದ್ದರೆ ಏನು ಪ್ರಯೋಜನ? ಹಾಗಾಗಿ ಆ ಪ್ರಶ್ನೆಯನ್ನು ಬಿಟ್ಟಿರುವ ಪಿಎಚ್‌ಕ್ಯೂ-8 ಬಳಸಬೇಕು. ಇಲ್ಲವೇ ಬಂದ ಉತ್ತರಗಳನ್ನು ಅದೇ ದಿನ ನೋಡುವವರ ಹೆಸರು, ಆಪ್ತಸಮಾಲೋಚಕರ ಲಿಖಿತ ಒಪ್ಪಿಗೆ, ಸಂಪರ್ಕಿಸಲು ಒಂದು ಮಾರ್ಗ, ಇಷ್ಟನ್ನೂ ಅರ್ಜಿಯಲ್ಲೇ ಕೊಡಬೇಕು. ಇದನ್ನು ಕೇಳದೆ ಸಹಿ ಹಾಕುವ ಸಮಿತಿ ತನ್ನ ಕೆಲಸ ಮಾಡಿಲ್ಲ.

ಕಾಲೇಜಿನಲ್ಲಿ ಸಂಶೋಧನೆಗೆ ಸುಲಭವಾಗಿ ಸಿಗುವವರು ವಿದ್ಯಾರ್ಥಿಗಳು. ಒಲ್ಲೆ ಎನ್ನಲು ಎಲ್ಲರಿಗಿಂತ ಹೆಚ್ಚು ಹಿಂಜರಿಯುವವರೂ ಅವರೇ. ಇಂಟರ್ನಲ್ ಮಾರ್ಕ್ಸ್ ಕೊಡುವ ಅಧ್ಯಾಪಕರೇ ತರಗತಿಯಲ್ಲಿ ಹಾಳೆ ಹಂಚಿ, ‘ಇಷ್ಟವಿದ್ದವರು ಮಾತ್ರ ತುಂಬಿ’ ಎಂದು ಎದುರಿಗೇ ನಿಂತರೆ ಅದು ಸಮ್ಮತಿಯಲ್ಲ. ಆ ತರಗತಿಗೆ ಪಾಠ ಮಾಡದ ಬೇರೊಬ್ಬರು ವಿಷಯ ತಿಳಿಸಬೇಕು, ಅಧ್ಯಾಪಕರು ಹೊರಗಿರಬೇಕು. ತುಂಬಿದವರೂ ತುಂಬದವರೂ ಒಂದೇ ಬಗೆಯ ಲಕೋಟೆಯನ್ನು ಒಂದೇ ಪೆಟ್ಟಿಗೆಗೆ ಹಾಕುವಂತಿದ್ದರೆ ಯಾರು ನಿರಾಕರಿಸಿದರೆಂದು ಯಾರಿಗೂ ತಿಳಿಯುವುದಿಲ್ಲ. ಭಾಗವಹಿಸಿದವರಿಗೆ ಅಂಕ ಕೊಡುವುದಿದ್ದರೆ ಭಾಗವಹಿಸದವರಿಗೂ ಅಷ್ಟೇ ಸಮಯ ಹಿಡಿಯುವ ಬೇರೆ ಕೆಲಸ ಕೊಟ್ಟು ಅಷ್ಟೇ ಅಂಕ ಕೊಡಬೇಕು. ವಿದ್ಯಾರ್ಥಿಗೆ 18 ತುಂಬಿಲ್ಲವೆಂದರೆ ಪೋಷಕರ ಅನುಮತಿಯ ಪ್ರಶ್ನೆ ಬೇರೆ ಬರುತ್ತದೆ. ಮೊದಲ ವರ್ಷದ ತರಗತಿಗಳಲ್ಲಿ ಇದನ್ನು ಮರೆಯುವುದೇ ಹೆಚ್ಚು.

ಸಮ್ಮತಿ ಪತ್ರದಲ್ಲಿ ‘ಯಾವಾಗ ಬೇಕಾದರೂ ಹಿಂದೆ ಸರಿಯಬಹುದು’ ಎಂಬ ಸಾಲನ್ನು ಎಲ್ಲರೂ ನಕಲು ಮಾಡುತ್ತಾರೆ. ಹೆಸರಿಲ್ಲದ ಫಾರ್ಮ್ ಒಮ್ಮೆ ಸಲ್ಲಿಕೆಯಾದರೆ ಯಾವ ಉತ್ತರ ಯಾರದೆಂದು ಗೊತ್ತಾಗದು, ಹಿಂಪಡೆಯಲೂ ಆಗದು. ಸಲ್ಲಿಸುವವರೆಗೆ ಮಾತ್ರ ಹಿಂದೆ ಸರಿಯಬಹುದು ಎಂದು ಅಲ್ಲಿ ನೇರವಾಗಿ ಬರೆಯಬೇಕು. ಇನ್ನು ‘ಹೆಸರಿಲ್ಲ’ ಎಂಬುದೂ ಎಷ್ಟೋ ಸಲ ಬರೀ ಮಾತು. ಇಮೇಲ್ ಸಂಗ್ರಹಿಸುವ ಆಯ್ಕೆ ಚಾಲೂ ಇರುತ್ತದೆ. ಅದನ್ನು ತೆಗೆದರೂ ವಯಸ್ಸು, ಲಿಂಗ, ವಿಭಾಗ, ಊರು ಇಷ್ಟು ಕೇಳಿದರೆ 30 ಜನರ ತರಗತಿಯಲ್ಲಿ ಒಬ್ಬೊಬ್ಬರನ್ನೂ ಗುರುತಿಸಬಹುದು. ವಿಶ್ಲೇಷಣೆಗೆ ಬೇಡವಾದದ್ದನ್ನು ಕೇಳಲೇಬಾರದು. ಮತ್ತೆ ಸಂಪರ್ಕಿಸಬೇಕಾದ ಅಧ್ಯಯನವಾದರೆ ಹೆಸರಿನ ಪಟ್ಟಿ ಒಂದು ಕಡೆ, ಕೋಡ್ ಸಂಖ್ಯೆಯಿರುವ ಉತ್ತರಗಳು ಇನ್ನೊಂದು ಕಡೆ ಇರಬೇಕು. ಪಟ್ಟಿಯನ್ನು ಯಾವಾಗ ನಾಶ ಮಾಡಲಾಗುವುದೆಂಬ ದಿನಾಂಕವೂ ಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಕ್ಸೆಲ್ ಕಡತ ಹರಿದಾಡಿದರೆ ಈ ಎಚ್ಚರಿಕೆಯೆಲ್ಲ ವ್ಯರ್ಥ.

ಅನುಮೋದನೆ ಕೊಟ್ಟ ದಿನವೇ ಕಡತ ಮುಚ್ಚುವ ರೂಢಿಯೂ ಬದಲಾಗಬೇಕು. ವಿದ್ಯಾರ್ಥಿಗಳನ್ನು ಕೈದಿಗಳು, ಕಾವಲುಗಾರರು ಎಂದು ವಿಂಗಡಿಸಿ ಅಣಕು ಜೈಲಿನಲ್ಲಿರಿಸಿದ 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗಕ್ಕೆ ಅಮೆರಿಕದ ಆ ವಿಶ್ವವಿದ್ಯಾಲಯದ ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಎರಡು ವಾರದ ಯೋಜನೆಯನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಪ್ರಯೋಗದ ಮುಖ್ಯಸ್ಥ ಫಿಲಿಪ್ ಜಿಂಬಾರ್ಡೊ ತಾವೇ ಜೈಲು ಅಧೀಕ್ಷಕರ ಪಾತ್ರದಲ್ಲಿದ್ದರು, ಹೊರಗೆ ನಿಂತು ‘ಸಾಕು’ ಎನ್ನುವ ಹೊಣೆ ಯಾರಿಗೂ ಇರಲಿಲ್ಲ. ಹಾಗಾಗಿ ಭಾಗವಹಿಸುವವರಿಗೆ ತೊಂದರೆಯಾದರೆ ತಕ್ಷಣ ವರದಿ, ಪ್ರಶ್ನೆ ಬದಲಿಸುವ ಮುನ್ನ ತಿದ್ದುಪಡಿಗೆ ಮತ್ತೆ ಒಪ್ಪಿಗೆ, ದೀರ್ಘ ಅಧ್ಯಯನಕ್ಕೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಬೇಕು. ಸಮ್ಮತಿ ಪತ್ರದಲ್ಲಿ ದೂರಿಗೆಂದು ಕೊಡುವ ಫೋನ್ ಸಂಖ್ಯೆ ಸಂಶೋಧಕರದ್ದಲ್ಲ, ಸಮಿತಿಯದ್ದಾಗಿರಬೇಕು.

ಸಮಿತಿಯ ರಚನೆಯ ಬಗ್ಗೆ ಒಂದೇ ಮಾತು. ಅಮೆರಿಕದ ನಿಯಮ ಕನಿಷ್ಠ 5 ಸದಸ್ಯರನ್ನು ಕೇಳುತ್ತದೆ, ಅದರಲ್ಲಿ ವಿಜ್ಞಾನಿಯಲ್ಲದ ಒಬ್ಬರು, ಸಂಸ್ಥೆಗೆ ಸಂಬಂಧಪಡದ ಒಬ್ಬರು ಇರಲೇಬೇಕು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಅಧ್ಯಕ್ಷರೇ ಹೊರಗಿನವರಾಗಿರಬೇಕು. ಪ್ರಾಂಶುಪಾಲರು ಅಧ್ಯಕ್ಷರಾಗಿ, ವಿಭಾಗದ ಮುಖ್ಯಸ್ಥರೇ ಸದಸ್ಯರಾಗಿ, ಅರ್ಜಿ ಸಲ್ಲಿಸಿದ ಗೈಡ್ ಕೂಡ ಅದೇ ಸಭೆಯಲ್ಲಿ ಕೂತು ಒಪ್ಪಿಗೆ ಕೊಟ್ಟರೆ ಅದನ್ನು ಪರಿಶೀಲನೆ ಎನ್ನಲಾಗದು. ತಮ್ಮ ಅರ್ಜಿ ಬಂದಾಗ ಸದಸ್ಯರು ಹೊರಗೆ ಹೋಗಬೇಕು, ಹೋದರೆಂಬುದು ನಡಾವಳಿಯಲ್ಲಿ ದಾಖಲಾಗಬೇಕು.

ವಿಷಯ ಗೊತ್ತುಪಡಿಸುವ ವಾರದಲ್ಲೇ ಗೈಡ್‌ಗಳು ವೇಳಾಪಟ್ಟಿಯಲ್ಲಿ ಪರಿಶೀಲನೆಗೆ ಕನಿಷ್ಠ ಒಂದು ತಿಂಗಳು ಮೀಸಲಿಡಲಿ. ಅನುಮೋದನೆಯಿಲ್ಲದೆ ಈಗಾಗಲೇ ಸಂಗ್ರಹಿಸಿರುವ ಉತ್ತರಗಳನ್ನು ಪ್ರಕಟಣೆಗೆ ಬಳಸದೆ, ಸರಿಯಾದ ಸಮ್ಮತಿಯೊಂದಿಗೆ ಹೊಸದಾಗಿ ಕೇಳಲಿ. ಆ ವಿಳಂಬಕ್ಕಾಗಿ ವಿದ್ಯಾರ್ಥಿಯ ಅಂಕ ಕಡಿತವಾಗದಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ.

– ಕಾಲೇಜು ನೈತಿಕ ಸಮಿತಿಗಳ ಕೆಲವು ಸದಸ್ಯರು