ಪರಿಹಾರದ ಕಡತದಲ್ಲಿ ಮಕ್ಕಳಿಗೂ ಒಂದು ಕಾಲಂ ಇರಲಿ

ಮಾನ್ಯ ಸಂಪಾದಕರೇ,

ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ತುಳಿದು ಯಾರಾದರೂ ಸತ್ತರೆ ಮುಂದೇನು ನಡೆಯುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಹೆಣ ಎತ್ತಲು ಬಿಡದೆ ರಸ್ತೆತಡೆ, ಅರಣ್ಯ ಇಲಾಖೆಯ ಡಿಎಫ್‌ಒ ಬರಬೇಕು, ಶಾಸಕರು ಬರಬೇಕು, ಪರಿಹಾರ ಘೋಷಣೆಯಾಗಬೇಕು, ಕಾಡಾನೆ ಹಿಡಿಯಲು ಸಾಕಾನೆ ತರಿಸಬೇಕು. ಅದೆಲ್ಲ ಬೇಕಾದದ್ದೇ. ಆದರೆ ಅಷ್ಟು ಜನ ಬಂದುಹೋಗುವ ಆ ಮನೆಯಲ್ಲಿ ಮಗುವನ್ನು ಮಾತನಾಡಿಸಲೆಂದೇ ಬಂದವರನ್ನು ನಾನಂತೂ ಕಂಡಿಲ್ಲ.

ತೋಟದ ಕೂಲಿಕಾರರ ಲೈನ್‌ಮನೆಗಳ ಮಕ್ಕಳೇ ಹೆಚ್ಚಾಗಿ ಬರುವ ಸರ್ಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ಬೆಳಿಗ್ಗೆ ಕೆಲಸಕ್ಕೆ ಹೊರಟ ಅಪ್ಪನನ್ನು ಆನೆಗೆ ಕಳೆದುಕೊಂಡ ಹುಡುಗನೊಬ್ಬ ನಮ್ಮಲ್ಲಿದ್ದ. ತಿಥಿ ಮುಗಿಸಿ ಶಾಲೆಗೆ ಬಂದವನು ಅಳಲೇ ಇಲ್ಲ. ‘ಗಟ್ಟಿ ಹುಡುಗ’ ಅಂದರು ಎಲ್ಲರೂ. ಆದರೆ ಪ್ರಾರ್ಥನೆ ಹೊತ್ತಿಗೆ ದಿನಾ ಹೊಟ್ಟೆನೋವು. ಪಕ್ಕದ ತೋಟದಲ್ಲಿ ಆನೆ ಓಡಿಸಲು ಪಟಾಕಿ ಹೊಡೆದರೆ ಬೆಂಚಿನ ಕೆಳಗೆ ಸೇರಿಕೊಂಡವನು ಸದ್ದು ಅಡಗಿದರೂ ಹೊರಗೆ ಬರುತ್ತಿರಲಿಲ್ಲ. ಮೊದಮೊದಲು ನಕ್ಕ ಹುಡುಗರು ಆಮೇಲೆ ನಗುವುದನ್ನು ಬಿಟ್ಟರು. ತಾಯಿ ಮಾತ್ರೆ ಕೊಡಿಸಿದಳು, ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಆಕೆಯದು ತಪ್ಪೆನ್ನಲಾರೆ. ಬೇರೆ ದಾರಿಯೂ ಇದೆ ಎಂದು ಹೇಳಿದವರಾದರೂ ಯಾರು?

ಮಕ್ಕಳ ದುಃಖ ಕಣ್ಣೀರಾಗಿಯೇ ಬರಬೇಕೆಂದಿಲ್ಲ. ಹಾಸಿಗೆ ಒದ್ದೆಯಾಗುತ್ತದೆ, ಸಿಡುಕು ಹೆಚ್ಚುತ್ತದೆ, ಓದು ಹಿಂದೆ ಬೀಳುತ್ತದೆ. ಸತ್ತವರು ಮರಳಿ ಬರುವುದಿಲ್ಲ ಎಂಬುದೇ ಚಿಕ್ಕವರಿಗೆ ಪೂರ್ತಿ ತಿಳಿದಿರುವುದಿಲ್ಲ. ತಾನು ಹಟ ಮಾಡಿದ್ದಕ್ಕೇ ಹೀಗಾಯಿತೆಂದು ಒಳಗೊಳಗೇ ನಂಬಿಕೊಂಡ ಮಕ್ಕಳೂ ಇರುತ್ತಾರೆ. ‘ಅಪ್ಪ ದೂರ ಹೋಗಿದ್ದಾರೆ, ಬರ್ತಾರೆ’ ಎಂಬ ನಮ್ಮ ಸಮಾಧಾನದಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ವ್ಯವಸ್ಥೆಯೇ ಇಲ್ಲವೆಂದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ದ ಮಂಗಳವಾರದ ಕ್ಲಿನಿಕ್ ಇದೆ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ದಿನದ ಕೂಲಿ ಬಿಟ್ಟು, ಎರಡು ಬಸ್ ಹಿಡಿದು, ‘ಹುಚ್ಚಿನ ಡಾಕ್ಟರ ಹತ್ತಿರ ಹೋದಳಂತೆ’ ಎಂಬ ಮಾತನ್ನೂ ಕೇಳಿಸಿಕೊಂಡು ಮಗುವನ್ನು ಕರೆದೊಯ್ಯಲಿ ಎಂದು ಕಾಯುವುದು ಯಾವ ನ್ಯಾಯ?

2023ರ ಡಿಸೆಂಬರ್‌ನಲ್ಲಿ ಯಸಳೂರು ಬಳಿ ದಸರಾ ಆನೆ ಅರ್ಜುನ ಸತ್ತಾಗ ರಾಜ್ಯವೇ ಕಣ್ಣೀರಿಟ್ಟಿತು. ನಾನೂ ಅತ್ತಿದ್ದೇನೆ. ಈ ಮಕ್ಕಳ ಸುದ್ದಿ ಮಾತ್ರ ಮೂರನೇ ದಿನಕ್ಕೆ ಪತ್ರಿಕೆಯಿಂದಲೂ ಮಾಯವಾಗುತ್ತದೆ. ತಮ್ಮ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಕ್ಷಮೆಯಿರಲಿ.

ಆನೆ ಯಾವ ತೋಟದಲ್ಲಿದೆ ಎಂದು ನಮ್ಮ ಮೊಬೈಲ್‌ಗೆ ಸಂದೇಶ ಕಳಿಸುವಷ್ಟು ಅರಣ್ಯ ಇಲಾಖೆ ಮುಂದುವರಿದಿದೆ. ಸಾವಾದ ಮನೆಯಲ್ಲಿ ಮಕ್ಕಳಿದ್ದಾರೆಂಬ ಸುದ್ದಿಯನ್ನು ಅದೇ ದಿನ ಮಾನಸಿಕ ಆರೋಗ್ಯ ತಂಡಕ್ಕೂ ಮಕ್ಕಳ ರಕ್ಷಣಾ ಘಟಕಕ್ಕೂ ಮುಟ್ಟಿಸುವುದು ಕಷ್ಟವೇ? ತಂದೆಯಿಲ್ಲದ ಬಡ ಮಕ್ಕಳಿಗೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವು (ಪ್ರಾಯೋಜಕತ್ವ) ಇದೆ ಎಂಬುದನ್ನೂ ಆಗಲೇ ತಿಳಿಸಬಹುದು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ನಮ್ಮ ಸಿಆರ್‌ಸಿ (ಕ್ಲಸ್ಟರ್ ಸಂಪನ್ಮೂಲ ಕೇಂದ್ರ) ಸಮಾಲೋಚನಾ ಸಭೆಗಳಲ್ಲಿ ಅಂಕಿಅಂಶ ತುಂಬುವುದೇ ದೊಡ್ಡ ಕೆಲಸವಾಗಿದೆ. ಒಂದು ಸಭೆಯನ್ನಾದರೂ ಇಂಥ ಮಗುವಿನ ಜೊತೆ ಹೇಗೆ ಮಾತನಾಡಬೇಕೆಂದು ಕಲಿಸಲು ಬಳಸಲಿ.

ಜಿಲ್ಲಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪರಿಹಾರದ ಕಡತದಲ್ಲಿ ಒಂದು ಕಾಲಂ ಸೇರಿಸಿ: ಮನೆಯಲ್ಲಿ ಮಕ್ಕಳೆಷ್ಟು, ಆಪ್ತಸಮಾಲೋಚಕರು ಮನೆಗೋ ಶಾಲೆಗೋ ಬಂದು ಅವರನ್ನು ಕಂಡ ದಿನಾಂಕ ಯಾವುದು, ಮತ್ತೆ ಬರುವುದು ಯಾವಾಗ. ಆ ಕಾಲಂ ಖಾಲಿಯಿದ್ದರೆ ಕಡತ ಮುಗಿಸಬೇಡಿ.

– ಒಬ್ಬ ಶಿಕ್ಷಕಿ, ಸಕಲೇಶಪುರ ತಾಲ್ಲೂಕು